ಕೋಳಿ, ಹಂದಿ ಫಾರಂ: ರೋಗ ತಡೆದು ಕೈಯಲ್ಲಿ ನಾಲ್ಕು ಕಾಸು ಉಳಿಸ್ಕೊಳ್ಳೋದು ಹೇಗೆ

ಕೋಳಿ ಫಾರಂ ಇರೋರಾಗ್ಲಿ ಹಂದಿ ಸಾಕೋರಾಗ್ಲಿ ಕೇಳೋ ಮೊದಲನೇ ಪ್ರಶ್ನೆ, ಈ ರೋಗಕ್ಕೆ ಯಾವ ಔಷಧಿ ಹಾಕ್ಲಿ ಅಂತ. ಔಷಧಿ ಹುಡುಕೋ ಹೊತ್ತಿಗೆ ಆ ಬ್ಯಾಚಿನ ಲಾಭ ಹೆಚ್ಚುಕಮ್ಮಿ ಹೋಗಿ ಆಗಿರತ್ತೆ. ಕೋಳಿ ಸಾಯೋಕೆ ಒಂದೆರಡು ದಿನ ಮುಂಚೆನೇ ಫೀಡ್ ಕಮ್ಮಿ ತಿಂದಿರತ್ತೆ, ನೀರು ಕಮ್ಮಿ ಕುಡಿದಿರತ್ತೆ, ಹಂದಿ ಬೆಳಗ್ಗೆ ತೊಟ್ಟಿ ಹತ್ರ ಓಡಿ ಬರದೆ ಮೂಲೆಲಿ ಮಲಗಿರತ್ತೆ, ಆದ್ರೆ ಅದನ್ನ ಬರೆದಿಟ್ಟೋರು ಯಾರೂ ಇರಲ್ಲ ಅದಕ್ಕೆ ಗೊತ್ತಾಗೋದೂ ಇಲ್ಲ. ಅದಕ್ಕೆ ನಾನು ಔಷಧಿ ಹೆಸರಿಂದ ಶುರು ಮಾಡದೆ ಪುಸ್ತಕದಿಂದ ಶುರು ಮಾಡ್ತೀನಿ, ಯಾಕಂದ್ರೆ ರೋಗದ ಲೆಕ್ಕ ದುಡ್ಡಿನ ಲೆಕ್ಕ ಎರಡೂ ಅಲ್ಲೇ ಸಿಗತ್ತೆ.

ಮೊದಲು ಒಂದು ನೋಟ್‌ಬುಕ್

ಶೆಡ್ ಬಾಗಿಲ ಒಳಗಡೆ ಒಂದು ಮೊಳೆ ಹೊಡೆದು ನೋಟ್‌ಬುಕ್ಕು ಪೆನ್ನು ದಾರದಲ್ಲಿ ಕಟ್ಟಿ ತೂಗು ಹಾಕಿ. ಮನೇಲಿಟ್ಟು ರಾತ್ರಿ ನೆನಪು ಮಾಡ್ಕೊಂಡು ಬರೀತೀನಿ ಅಂದ್ರೆ ಆಗಲ್ಲ. ದಿನಾ ಬರೀಬೇಕಾಗಿರೋದು ಇಷ್ಟೆ, ಇವತ್ತು ಎಷ್ಟು ಸತ್ತವು, ಎಷ್ಟು ಫೀಡ್ ಹಾಕಿದ್ವಿ, ಎಷ್ಟು ಲೀಟರ್ ನೀರು ಹೋಯ್ತು, ಶೆಡ್ಡಲ್ಲಿ ಮಧ್ಯಾಹ್ನ ಎಷ್ಟು ಬಿಸಿ ಇತ್ತು ಬೆಳಗಿನ ಜಾವ ಎಷ್ಟಿತ್ತು, ಲಸಿಕೆ ಔಷಧಿ ಏನಾದ್ರೂ ಕೊಟ್ವಾ. ನೀರು ಅಳೆಯೋಕೆ ಮೀಟರ್ ಇದ್ರೆ ಒಳ್ಳೇದು, ಇಲ್ಲ ಅಂದ್ರೆ ಸಿಂಟೆಕ್ಸ್ ಟ್ಯಾಂಕಿನ ಮೇಲೆ 50 ಲೀಟರ್‌ಗೊಂದು ಗೆರೆ ಪೇಂಟಲ್ಲಿ ಎಳೀರಿ, ದಿನಾ ಒಂದೇ ಟೈಮಿಗೆ ನೋಡಿ ಬರೀರಿ.

ಬ್ರಾಯ್ಲರ್ ಕೋಳಿ, ಅಂದ್ರೆ ಮಾಂಸಕ್ಕೆ ಸಾಕೋ ಕೋಳಿ, ಮಾಮೂಲಿ ಹವೆಲಿ ಒಂದು ಕೆಜಿ ಫೀಡ್‌ಗೆ ಸುಮಾರು ಎರಡು ಲೀಟರ್ ನೀರು ಕುಡಿಯತ್ತೆ, ಬೇಸಿಗೆಲಿ ಅದು ಮೂರು ದಾಟತ್ತೆ. ದಿನ ದಿನ ಏರ್ತಾ ಇರ್ಬೇಕಾದ ನೀರು ಒಂದು ದಿನ ನಿಂತ್ಕೊಂಡ್ರೆ ಅಥವಾ ಇಳಿದ್ರೆ ಅವತ್ತೇ ನೋಡಿ, ನೀರು ಕುಡಿಯೋ ನಿಪ್ಪಲ್ ಕಟ್ಕೊಂಡಿದ್ಯಾ, ಫಿಲ್ಟರ್ ತುಂಬಿದ್ಯಾ, ನೀರು ಬಿಸಿ ಆಗಿದ್ಯಾ, ಇದ್ಯಾವುದೂ ಅಲ್ಲ ಅಂದ್ರೆ ಕಾಯಿಲೆ ಶುರುವಾಗಿದೆ ಅಂತಾನೇ ಇಟ್ಕೊಂಡು ಡಾಕ್ಟರಿಗೆ ಫೋನ್ ಮಾಡಿ. ಬಿಸಿಲು ಜಾಸ್ತಿ ಇಲ್ಲದೇನೂ ನೀರು ದಿಢೀರ್ ಅಂತ ಏರಿದ್ರೆ ಎಲ್ಲೋ ಸೋರ್ತಿದೆ ಅಥವಾ ಹೊಟ್ಟೆ ಕೆಟ್ಟಿದೆ ಅಥವಾ ಫೀಡಲ್ಲಿ ಉಪ್ಪು ಜಾಸ್ತಿ ಆಗಿದೆ.

ವಾರಕ್ಕೊಂದು ಸಲ ತೂಕ. ಕೈಗೆ ಸಿಕ್ಕಿದ ದಪ್ಪನೆ ಕೋಳಿ ಹಿಡಿದು ತೂಗಿ ಖುಷಿ ಪಡೋದು ಬೇಡ, ಶೆಡ್ಡಿನ ನಾಲ್ಕು ಕಡೆಯಿಂದ ಸೇರಿಸಿ ಒಂದು 50 ಕೋಳಿ ತೂಗಿ, ಸಣ್ಣವೂ ಸೇರ್ಲಿ.

ಈಗ ಇದು ದುಡ್ಡಿಗೆ ಹೇಗೆ ಬರತ್ತೆ ನೋಡಿ. 2000 ಮರಿ ಬಿಟ್ರಿ, 1900 ಕೋಳಿ ಲಿಫ್ಟಿಂಗ್ ಆಯ್ತು (ಹಿಡಿದು ಮಾರಾಟಕ್ಕೆ ಹೋಯ್ತು), ಸರಾಸರಿ 2.2 ಕೆಜಿ, ಒಟ್ಟು 4180 ಕೆಜಿ. ಫೀಡ್ 6688 ಕೆಜಿ ಖರ್ಚಾಗಿದ್ರೆ ಎಫ್‌ಸಿಆರ್ (ಒಂದು ಕೆಜಿ ಕೋಳಿ ತೂಕಕ್ಕೆ ಹೋದ ಫೀಡ್) 1.6, ಅದೇ 7106 ಕೆಜಿ ಆಗಿದ್ರೆ 1.7. ಈ ಪಾಯಿಂಟ್ ಒಂದು ವ್ಯತ್ಯಾಸಕ್ಕೆ 418 ಕೆಜಿ ಫೀಡ್, ಅಂದ್ರೆ 50 ಕೆಜಿ ಚೀಲದಲ್ಲಿ ಎಂಟಕ್ಕೂ ಜಾಸ್ತಿ. ಕೆಜಿ 40 ರೂಪಾಯಿ ಅಂತ ಲೆಕ್ಕ ಹಿಡಿದ್ರೂ 16,720 ರೂಪಾಯಿ. ಒಂದೇ ಒಂದು ಕೋಳಿನೂ ಜಾಸ್ತಿ ಸತ್ತಿಲ್ಲ, ಯಾವ ದೊಡ್ಡ ರೋಗನೂ ಬಂದಿಲ್ಲ, ಆದ್ರೂ ಇಷ್ಟು ಹೋಯ್ತು. ಎಲ್ಲಿ ಹೋಗತ್ತೆ ಅಂದ್ರೆ ಫೀಡರ್ ಎತ್ತರ ಸರಿ ಇಲ್ಲದೆ ಚೆಲ್ಲೋದ್ರಲ್ಲಿ, ಇಲಿ ತಿನ್ನೋದ್ರಲ್ಲಿ, ರಾತ್ರಿ ಚಳಿಗೆ ಮೈ ಬಿಸಿ ಮಾಡ್ಕೊಳ್ಳೋಕೆ ತಿಂದದ್ರಲ್ಲಿ, ಕಣ್ಣಿಗೆ ಕಾಣದ ಸಣ್ಣ ಹೊಟ್ಟೆ ಕಾಯಿಲೆಲಿ. ಫೀಡರ್ ಅಂಚು ಕೋಳಿ ಬೆನ್ನಿನ ಮಟ್ಟಕ್ಕೆ ಇರ್ಬೇಕು, ಕೋಳಿ ಬೆಳೆದ ಹಾಗೆ ವಾರಕ್ಕೆರಡು ಸಲ ಎತ್ತರ ಏರಿಸ್ಬೇಕು, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ.

ಇನ್ನೊಂದು ಲೆಕ್ಕ, ಮೊದಲನೇ ವಾರ ಸತ್ತ ಮರಿಗೂ 35ನೇ ದಿನ ಸತ್ತ ಕೋಳಿಗೂ ಪುಸ್ತಕದಲ್ಲಿ ಒಂದೊಂದೇ ಗೆರೆ, ಆದ್ರೆ 35 ದಿನದ ಕೋಳಿ ಸುಮಾರು 3 ಕೆಜಿ ಫೀಡ್ ತಿಂದು ಸತ್ತಿರತ್ತೆ. ಅದಕ್ಕೆ ಕೊನೇ ವಾರದ ಬಿಸಿಲಿನ ಸಾವು ಅಷ್ಟು ನೋಯಿಸೋದು.

ಗೇಟಲ್ಲೇ ನಿಲ್ಲಿಸ್ಬೇಕಾದದ್ದು

ಕೊಕ್ಕರೆ ರೋಗ (ರಾಣಿಖೇತ್), ಗಂಬೋರೋ (ಮರಿಗಳ ರೋಗ ತಡೆಯೋ ಶಕ್ತಿ ಕುಗ್ಗಿಸೋ ವೈರಸ್ ಕಾಯಿಲೆ), ಹಕ್ಕಿ ಜ್ವರ, ಹಂದಿ ಜ್ವರ, ಎಲ್ಲಾನೂ ಹೆಚ್ಚಾಗಿ ಬರೋದು ಕಾಲಲ್ಲಿ, ಚಕ್ರದಲ್ಲಿ, ಚೀಲದಲ್ಲಿ. ಗಾಳಿಲಿ ಬಂತು ಅಂತ ಹೇಳಿ ಸುಮ್ನಾಗೋರು ಬಹಳ ಜನ. ಯೋಚನೆ ಮಾಡಿ, ಒಂದು ವಾರದಲ್ಲಿ ನಿಮ್ಮ ಶೆಡ್ಡಿಗೆ ಯಾರ್ಯಾರು ಬರ್ತಾರೆ, ಕಂಪನಿ ಸೂಪರ್‌ವೈಸರ್ ಇನ್ನೊಂದು ಫಾರಂ ನೋಡ್ಕೊಂಡು ಬರ್ತಾರೆ, ಫೀಡ್ ಲಾರಿ ಹತ್ತು ಫಾರಂ ಸುತ್ಕೊಂಡು ಬರತ್ತೆ, ಲಿಫ್ಟಿಂಗ್ ಹುಡುಗ್ರು ಹಿಂದಿನ ರಾತ್ರಿ ಇನ್ನೆಲ್ಲೋ ಕೋಳಿ ಹಿಡಿದಿರ್ತಾರೆ, ಅವರ ಕ್ರೇಟ್‌ನಲ್ಲಿ ಒಣಗಿದ ಹಿಕ್ಕೆ ಇರತ್ತೆ. ಗೊಬ್ಬರ ತುಂಬೋಕೆ ಶುಂಠಿ ಬೆಳೆಯೋರು ಅಡಿಕೆ ತೋಟದೋರು ಕಳಿಸೋ ಹಳೇ ಚೀಲ ಎಷ್ಟು ಫಾರಂ ಸುತ್ತಿರತ್ತೋ ಯಾರಿಗೆ ಗೊತ್ತು.

ಮಾಡ್ಬೇಕಾದದ್ದು ಏನು ಅಂದ್ರೆ, ಶೆಡ್ ಒಳಗಡೆಗೆ ಅಂತಾನೇ ಬೇರೆ ಚಪ್ಪಲಿ ಅಥವಾ ಗಮ್‌ಬೂಟ್ ಇಡಿ, ಬಾಗಿಲಲ್ಲಿ ಒಂದು ಅಡ್ಡ ಹಲಗೆ ಹಾಕಿ, ಹಲಗೆ ಆಚೆ ಹೊರಗಿನ ಚಪ್ಪಲಿ ಈಚೆ ಒಳಗಿನ ಚಪ್ಪಲಿ. ನೂರು ರೂಪಾಯಿ ಚಪ್ಪಲಿ ಮಾಡೋ ಕೆಲಸ ಸಾವಿರ ರೂಪಾಯಿ ಸ್ಪ್ರೇ ಮಾಡಲ್ಲ. ಬಾಗಿಲಲ್ಲಿ ಕಾಲು ಅದ್ದೋ ತೊಟ್ಟಿ ಇಟ್ಟಿದ್ರೆ ಅದರ ನೀರು ದಿನಾ ಬದಲಾಯಿಸಿ, ಮಣ್ಣು ಹಿಕ್ಕೆ ಬಿದ್ದ ಔಷಧಿ ನೀರಿಗೆ ಶಕ್ತಿ ಇರಲ್ಲ, ಎಷ್ಟೋ ಫಾರಂಗಳಲ್ಲಿ ಅದು ಸೊಳ್ಳೆ ಮೊಟ್ಟೆ ಇಡೋ ಜಾಗ ಆಗಿರತ್ತೆ. ಫೀಡ್ ಲಾರಿ ಶೆಡ್ ಹತ್ರ ಬರೋದು ಬೇಡ, ಗೇಟ್ ಹತ್ರಾನೇ ಇಳಿಸ್ಕೊಂಡು ನಿಮ್ಮ ಗಾಡಿಲಿ ಒಳಗೆ ತನ್ನಿ. ಬ್ರಾಯ್ಲರ್ ಶೆಡ್ ಇದ್ದೋರು ಅದರ ಹತ್ರ ನಾಟಿ ಕೋಳಿ ಬಾತುಕೋಳಿ ಸಾಕೋದು ಬೇಡ, ಕೆಲಸಕ್ಕೆ ಬರೋ ಅಣ್ಣಂದಿರ ಮನೇಲೂ ನಾಟಿ ಕೋಳಿ ಇದ್ರೆ ಅವಕ್ಕೂ ನೀವೇ ಕೊಕ್ಕರೆ ರೋಗದ ಲಸಿಕೆ ಹಾಕಿಸ್ಬಿಡಿ, ಕಾಸು ನಿಮ್ದೇ ಹೋಗ್ಲಿ. ಕೋಳಿ ಹಂದಿ ಎರಡೂ ಒಂದೇ ಜಾಗದಲ್ಲಿ ಬೇಡವೇ ಬೇಡ, ಫ್ಲೂ ವೈರಸ್‌ಗಳು ಹಂದಿ ಮೈಯಲ್ಲಿ ಸೇರ್ಕೊಂಡು ಹೊಸ ರೂಪ ತಗೊಳ್ಳೋಕೆ ಅದು ದಾರಿ.

ಸತ್ತ ಕೋಳಿನ ದಿನಾ ಎರಡು ಸಲ ಆರಿಸಿ ತೆಗೀರಿ, ಬಾವಿ ಬೋರ್‌ವೆಲ್‌ನಿಂದ ದೂರ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ. ನಾಯಿಗೆ ಹಾಕೋದು, ಕೆರೆಗೆ ಎಸೆಯೋದು, ಹಂದಿಗೆ ಹಾಕೋದು, ಮೀನಿಗೆ ಹಾಕೋದು ಇದೆಲ್ಲ ಪಕ್ಕದ ಊರಿನ ಫಾರಂಗೆ ರೋಗ ಹಂಚಿದ ಹಾಗೆ, ಹದಿನೈದು ದಿನ ಬಿಟ್ಟು ಅದು ನಿಮ್ಮ ಹತ್ರಾನೇ ವಾಪಸ್ ಬರತ್ತೆ.

ಬ್ಯಾಚ್ ಮುಗಿದ ಮೇಲೆ ಶೆಡ್ ಖಾಲಿ ಬಿಡೋ ದಿನ ಕಮ್ಮಿ ಮಾಡ್ಬೇಡಿ. ಲಿಟರ್ (ನೆಲಕ್ಕೆ ಹಾಸಿದ ಹೊಟ್ಟು) ಪೂರ್ತಿ ತೆಗೆದು, ಗುಡಿಸಿ, ತೊಳೆದು, ಒಣಗಿಸಿ ಆಮೇಲೆ ಸುಣ್ಣ, ಔಷಧಿ ಸ್ಪ್ರೇ. ಈ ವರಸೆ ಮುಖ್ಯ, ಕೊಳೆ ಮೇಲೆ ಸ್ಪ್ರೇ ಹೊಡೆದ್ರೆ ದಂಡ. ಹತ್ತು ಹದಿನೈದು ದಿನ ಖಾಲಿ ಇರ್ಲಿ. ವರ್ಷಕ್ಕೆ ಒಂದು ಬ್ಯಾಚ್ ಜಾಸ್ತಿ ತೆಗೀಬೇಕು ಅಂತ ಮೂರು ದಿನಕ್ಕೆ ಮರಿ ಬಿಡೋದು ನೋಡಿದ್ರೆ ಹೊಟ್ಟೆ ಉರಿಯತ್ತೆ ನಂಗೆ, ಹಳೇ ಬ್ಯಾಚಿನ ಗಂಬೋರೋ ವೈರಸ್ ಹಾಗೇ ಕಾಯ್ತಾ ಇರತ್ತೆ, ಅದು ತಿಂಗಳುಗಟ್ಟಲೆ ಶೆಡ್ಡಲ್ಲಿ ಬದುಕಿರೋ ಜಾತಿ.

ಮೊದಲ ವಾರ

ಮರಿ ಬರೋ ಮುಂಚೆನೇ ಬ್ರೂಡರ್ (ಮರಿಗೆ ಬಿಸಿ ಕೊಡೋ ಸಾಧನ) ಹಚ್ಚಿ ಲಿಟರ್ ಬಿಸಿ ಆಗಿರ್ಬೇಕು, ಗಾಳಿ ಬಿಸಿ ಆಗಿ ನೆಲ ತಣ್ಣಗಿದ್ರೆ ಮರಿಗೆ ಕಾಲಿಂದ ಚಳಿ ಏರತ್ತೆ. ಭತ್ತದ ಹೊಟ್ಟು ಎರಡು ಇಂಚು ಹಾಸಿ, ಚಳಿಗಾಲದಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಮೊದಲ ವಾರ ಮರಿ ಮಟ್ಟದಲ್ಲಿ 32 ರಿಂದ 33 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸ್ತಾ ಬನ್ನಿ. ಥರ್ಮಾಮೀಟರ್ ಗೋಡೆ ಮೇಲೆ ತಲೆ ಎತ್ತರಕ್ಕೆ ನೇತು ಹಾಕಿದ್ರೆ ಪ್ರಯೋಜನ ಇಲ್ಲ, ಮರಿ ಬೆನ್ನಿನ ಎತ್ತರಕ್ಕೆ ಇಡಿ.

ಮರಿನೇ ನೋಡಿ ಹೇಳ್ಬಹುದು, ಬ್ರೂಡರ್ ಕೆಳಗೆ ಗುಂಪು ಗುಡ್ಡೆ ಆಗಿ ಕಿಚಿ ಕಿಚಿ ಅಂತಿದ್ರೆ ಚಳಿ, ಮರಿ ಸುತ್ತ ಕಟ್ಟೋ ಚಿಕ್ ಗಾರ್ಡ್ ತಗಡಿಗೆ ಅಂಟ್ಕೊಂಡು ಬಾಯಿ ತೆರೆದಿದ್ರೆ ಸೆಕೆ, ಒಂದೇ ಮೂಲೆಗೆ ಸೇರಿದ್ರೆ ಎಲ್ಲಿಂದಲೋ ಗಾಳಿ ಹೊಡೀತಿದೆ, ಹರಡ್ಕೊಂಡು ಓಡಾಡ್ತಿದ್ರೆ ಸರಿ ಇದೆ. ಒಂದು ಮರಿ ಕೈಗೆತ್ಕೊಂಡು ಅದರ ಪಾದ ನಿಮ್ಮ ಕೆನ್ನೆಗೆ ಇಟ್ಕೊಳ್ಳಿ, ತಣ್ಣಗೆ ತಾಗಿದ್ರೆ ಬ್ರೂಡರ್ ಕೆಳಗಿಳಿಸಿ. ಬಿಟ್ಟ ಮಾರನೇ ದಿನ ಒಂದು 50 ಮರಿ ಹಿಡಿದು ಕತ್ತಿನ ಕೆಳಗಿರೋ ಮೇವಿನ ಚೀಲ ಬೆರಳಲ್ಲಿ ಮುಟ್ಟಿ ನೋಡಿ, ಮೆತ್ತಗೆ ತುಂಬಿರ್ಬೇಕು. ಗಟ್ಟಿ ಇದ್ರೆ ಫೀಡ್ ತಿಂದಿದೆ ನೀರು ಸಿಕ್ಕಿಲ್ಲ, ಖಾಲಿ ಇದ್ರೆ ಎರಡೂ ಸಿಕ್ಕಿಲ್ಲ. 50ರಲ್ಲಿ ಎರಡು ಮೂರಕ್ಕಿಂತ ಜಾಸ್ತಿ ಖಾಲಿ ಇದ್ರೆ ಅವತ್ತೇ ಪೇಪರ್ ಮೇಲೆ ಫೀಡ್ ಚೆಲ್ಲಿ, ಡ್ರಿಂಕರ್ ಜಾಸ್ತಿ ಇಡಿ, ಯಾಕಂದ್ರೆ ಮೊದಲ ವಾರ ಹಿಂದೆ ಬಿದ್ದ ಮರಿ ಕೊನೇ ತನಕ ಹಿಂದೇನೇ.

ಇದ್ದಿಲು ಹಚ್ಚೋರು ಪರದೆ ಪೂರ್ತಿ ಬಿಗಿದು ಮಲಗ್ಬೇಡಿ, ಇದ್ದಿಲ ಹೊಗೆ ಮರಿನೂ ಕೊಲ್ಲತ್ತೆ ಒಳಗೆ ಮಲಗಿದ ಮನುಷ್ಯನ್ನೂ ಕೊಲ್ಲತ್ತೆ.

ಲಿಟರ್, ಪರದೆ, ನೀರು

ಪರದೆನ ಕೆಳಗಿಂದ ಮೇಲಕ್ಕೆ ಎಳೆಯೋ ಹಾಗೆ ಕಟ್ಟಿ, ಮೇಲ್ಗಡೆ ಒಂದು ಅಡಿ ಯಾವಾಗ್ಲೂ ತೆರೆದಿರ್ಲಿ, ಚಳಿಗಾಲದ ರಾತ್ರಿಲೂ. ಪೂರ್ತಿ ಮುಚ್ಚಿದ ಶೆಡ್ಡಿಗೆ ಬೆಳಗ್ಗೆ ಹೋಗಿ ನಿಂತ್ರೆ ಕಣ್ಣು ಉರಿಯತ್ತೆ, ಆ ಅಮೋನಿಯಾನ ಕೋಳಿ ರಾತ್ರಿಯಿಡೀ ಉಸಿರಾಡಿರತ್ತೆ, ಅಲ್ಲಿಂದಲೇ ಗೊರಗೊರ ಅನ್ನೋ ಸಿಆರ್‌ಡಿ (ಬಿಡದ ಉಸಿರಾಟದ ಕಾಯಿಲೆ), ಅದರ ಹಿಂದೆ ಈ.ಕೋಲೈ ಬ್ಯಾಕ್ಟೀರಿಯಾ, ಹೊಟ್ಟೇಲಿ ನೀರು ತುಂಬೋದು ಎಲ್ಲಾ. ಆಮೇಲೆ ಟಾನಿಕ್ ಆಂಟಿಬಯೋಟಿಕ್ ಅಂತ ಸುರಿಯೋದು.

ಲಿಟರ್ ಒಂದು ಹಿಡಿ ತಗೊಂಡು ಮುಷ್ಟಿ ಬಿಗಿ ಮಾಡಿ ಬಿಡಿ, ಉಂಡೆ ಆಗಿ ಸ್ವಲ್ಪ ಹೊತ್ತಿಗೆ ಒಡೆದ್ರೆ ಸರಿ ಇದೆ, ಹಾಗೇ ಉಂಡೆಯಾಗಿ ಕೂತ್ರೆ ಒದ್ದೆ ಜಾಸ್ತಿ, ಉಂಡೆನೇ ಆಗದೆ ಧೂಳು ಹಾರಿದ್ರೆ ತೀರಾ ಒಣ. ಒದ್ದೆ ಲಿಟರ್‌ನಲ್ಲಿ ಕಾಕ್ಸಿಡಿಯಾ ಅನ್ನೋ ಕರುಳಿನ ಪರಾವಲಂಬಿಯ ಮೊಟ್ಟೆ ಬಲಿಯತ್ತೆ, ಹಿಕ್ಕೆಲಿ ರಕ್ತ ಅಥವಾ ಚಾಕೊಲೇಟ್ ಬಣ್ಣ ಕಂಡ್ರೆ ಅದೇ. ಡ್ರಿಂಕರ್ ಸುತ್ತ ಒದ್ದೆ ಆದದ್ದನ್ನ ಅವತ್ತೇ ತೆಗೆದು ಹೊರಗೆ ಹಾಕಿ ಹೊಸ ಹೊಟ್ಟು ಹಾಕಿ, ಉಳಿದದ್ದನ್ನ ದಿನ ಬಿಟ್ಟು ದಿನ ಕೆದಕಿ.

ನೀರಿಗೆ ಬ್ಲೀಚಿಂಗ್ ಪೌಡರ್, ಒಳ್ಳೇ ಗುಣಮಟ್ಟದ್ದು ಸಾವಿರ ಲೀಟರ್‌ಗೆ 10 ಗ್ರಾಂ, ಒಂದು ಬಕೆಟ್ ನೀರಲ್ಲಿ ಕದಡಿ ಗಸಿ ಕೆಳಗೆ ಕೂರೋಕೆ ಬಿಟ್ಟು ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ. ಚೀಲ ತೆರೆದು ಆರು ತಿಂಗಳಾದ ಪೌಡರಲ್ಲಿ ಏನೂ ಉಳಿದಿರಲ್ಲ. ಪೈಪ್ ಒಳಗಿನ ಲೋಳೆ ಬ್ಯಾಚ್ ಬ್ಯಾಚಿಗೂ ತೊಳೀಬೇಕು, ವಿಟಮಿನ್ನು ಟಾನಿಕ್ಕು ಹಾಕಿದಷ್ಟೂ ಅದು ಬೆಳೆಯತ್ತೆ.

ಬೇಸಿಗೆ

ಕೋಳಿಗೆ ಬೆವರು ಬರಲ್ಲ, ಬಾಯಿ ತೆರೆದು ಏದುಸಿರು ಬಿಡೋದೇ ಮುಖ್ಯ ದಾರಿ. ರಾಯಚೂರು ಕಲಬುರಗಿ ಬಳ್ಳಾರಿ ಕಡೆ 40 ಡಿಗ್ರಿ ದಾಟತ್ತೆ, ನಮ್ಮ ತುಮಕೂರು ಕೋಲಾರದ ಕಡೆನೂ ಏಪ್ರಿಲ್‌ನಲ್ಲಿ ಎರಡು ಕೆಜಿ ದಾಟಿದ ಕೋಳಿ ಮಧ್ಯಾಹ್ನ ಎರಡರಿಂದ ಐದರೊಳಗೆ ಪಟಪಟ ಬೀಳತ್ತೆ. ಶೆಡ್ ಕಟ್ಟೋವಾಗ್ಲೇ ಪೂರ್ವ ಪಶ್ಚಿಮಕ್ಕೆ ಉದ್ದ ಇರೋ ಹಾಗೆ ಕಟ್ಟಿ, ಅಗಲ 30 ಅಡಿ ಮೀರ್ಬಾರ್ದು, ಈಗಾಗ್ಲೇ ಕಟ್ಟಿ ಆಗಿದ್ರೆ ಶೀಟ್ ಮೇಲೆ ಸುಣ್ಣ ಬಳಿದು ತೆಂಗಿನ ಗರಿ ಅಥವಾ ಹುಲ್ಲು ಹೊದಿಸಿ, ಮೇಲೆ ಸ್ಪ್ರಿಂಕ್ಲರ್. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಫೀಡರ್ ಮೇಲಕ್ಕೆತ್ತಿ, ಅರಗೋವಾಗ ಹುಟ್ಟೋ ಬಿಸಿನೇ ಕೊಲ್ಲೋದು, ತಂಪು ಹೊತ್ತಲ್ಲಿ ಬೆಳಗಿನ ಜಾವ ಲೈಟ್ ಹಾಕಿ ತಿನ್ನಿಸಿ. ನೀರು ಮಾತ್ರ ಒಂದು ನಿಮಿಷನೂ ನಿಲ್ಬಾರ್ದು, ಟ್ಯಾಂಕಿಗೆ ಒದ್ದೆ ಗೋಣಿ ಸುತ್ತಿ, ವಿಟಮಿನ್ ಸಿ ಎಲೆಕ್ಟ್ರೋಲೈಟ್ ಕೊಡಿ. ಬೇಸಿಗೆ ಬ್ಯಾಚಿಗೆ ಹತ್ತು ಪರ್ಸೆಂಟ್ ಮರಿ ಕಮ್ಮಿ ಬಿಡಿ. ಫಾಗರ್ (ಮಂಜಿನ ಹಾಗೆ ನೀರು ಸಿಂಪಡಿಸೋದು) ಹಾಕೋರು ಫ್ಯಾನ್ ಇಲ್ಲದೆ ಹಾಕ್ಬೇಡಿ, ಗಾಳಿ ಆಡದೆ ತೇವ ಮಾತ್ರ ಏರಿದ್ರೆ ಏದುಸಿರೂ ಕೆಲಸ ಮಾಡಲ್ಲ.

ಲಸಿಕೆ ಮತ್ತೆ ಔಷಧಿ

ಬ್ರಾಯ್ಲರ್‌ಗೆ ಮಾಮೂಲಿ 5 ರಿಂದ 7ನೇ ದಿನ ಕೊಕ್ಕರೆ ರೋಗಕ್ಕೆ ಕಣ್ಣಿಗೆ ಹನಿ, 12 ರಿಂದ 14ನೇ ದಿನ ಗಂಬೋರೋ, ಮೂರು ವಾರದ ಮೇಲೆ ಕೊಕ್ಕರೆ ರೋಗಕ್ಕೇ ಇನ್ನೊಂದು ಸಲ ಲಸೋಟಾ ಅನ್ನೋ ಲಸಿಕೆ, ನಿಮ್ಮ ಕಡೆ ರೋಗ ನೋಡ್ಕೊಂಡು ಡಾಕ್ಟರ್ ಹಿಂದೆ ಮುಂದೆ ಮಾಡ್ತಾರೆ. ಕೊಕ್ಕರೆ ರೋಗದ ಲಸಿಕೆ ನಮ್ಮ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಲೇ ತಯಾರಾಗತ್ತೆ. ಲಸಿಕೆ ಹಾಕಿಸಿದ್ರೂ ರೋಗ ಬಂತು ಅನ್ನೋರ ಕಥೆ ವಿಚಾರಿಸಿದ್ರೆ ಬಹಳ ಸಲ ಸಿಗೋದು ಐಸ್ ಇಲ್ಲದೆ ಬೈಕಲ್ಲಿ ಬಂದ ಬಾಟಲಿ. 2 ರಿಂದ 8 ಡಿಗ್ರಿಲಿ ಇರ್ಬೇಕಾದದ್ದು, ಥರ್ಮೋಕೋಲ್ ಡಬ್ಬಿ ಐಸ್ ಸಮೇತ ಹೋಗಿ ತನ್ನಿ, ಕಲಸಿದ ಮೇಲೆ ಒಂದೆರಡು ಗಂಟೆಲಿ ಮುಗೀಬೇಕು. ನೀರಲ್ಲಿ ಕೊಡೋ ದಿನ ಅದರ ಹಿಂದಿನ ದಿನದಿಂದಲೇ ಬ್ಲೀಚಿಂಗ್ ನಿಲ್ಲಿಸಿ, ಲೀಟರ್‌ಗೆ 2 ರಿಂದ 5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಹಾಕಿ, ಒಂದು ಗಂಟೆ ನೀರು ಬಂದ್ ಮಾಡಿ ಬಾಯಾರಿಸಿ ಕೊಡಿ. ಸ್ವಲ್ಪ ನೀಲಿ ಬಣ್ಣ ಬೆರೆಸಿದ್ರೆ ಯಾವ ಕೋಳಿ ನಾಲಿಗೆ ನೀಲಿ ಆಗಿಲ್ಲ ಅಂತ ನೋಡಿ ಎಷ್ಟು ಕುಡಿದಿಲ್ಲ ಅಂತ ಗೊತ್ತಾಗತ್ತೆ.

ಆಂಟಿಬಯೋಟಿಕ್ ವಿಷಯದಲ್ಲಿ ನಾನು ಗಟ್ಟಿ. ಅಂಗಡಿಯೋರು ಹೇಳಿದ್ದು, ಪಕ್ಕದ ಫಾರಂನವರು ಹಾಕಿದ್ದು ಅಂತ ಹಾಕ್ಬೇಡಿ. ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್‌ನ ಪ್ರಾಣಿ, ಕೋಳಿಗಳಿಗೆ ಕೊಡೋದನ್ನ ಕೇಂದ್ರ ಸರ್ಕಾರ 2019ರಲ್ಲೇ ಬ್ಯಾನ್ ಮಾಡಿದೆ, ಯಾಕಂದ್ರೆ ಅದು ಆಸ್ಪತ್ರೆಲಿ ಬೇರೇನೂ ಕೆಲಸ ಮಾಡದಾಗ ಮನುಷ್ಯರಿಗೆ ಕೊಡೋ ಕೊನೇ ಔಷಧಿ. ಈಗಷ್ಟೇ ಸತ್ತ ಎರಡು ಮೂರು ಕೋಳಿನ ಡಾಕ್ಟರ್ ಹತ್ರ ಪೋಸ್ಟ್ ಮಾರ್ಟಂ ಮಾಡಿಸಿದ್ರೆ ಆಗೋ ಖರ್ಚು, ತಪ್ಪು ಔಷಧಿ ಒಂದು ಕೋರ್ಸ್‌ಗಿಂತ ಬಹಳ ಕಮ್ಮಿ. ಕೊಟ್ಟ ಮೇಲೆ ಲೇಬಲ್ ಮೇಲಿರೋ ಅಷ್ಟು ದಿನ ಮಾರಾಟ ಮಾಡ್ಬೇಡಿ, ತಿನ್ನೋರಲ್ಲಿ ನಮ್ಮ ಮಕ್ಕಳೂ ಇದಾರೆ.

ಒಂದು ಎಚ್ಚರಿಕೆ. ಒಂದೇ ದಿನ ರಾಶಿ ರಾಶಿ ಸಾವು, ಜುಟ್ಟು ನೀಲಿ, ತಲೆ ಊತ, ಕಾಲಲ್ಲಿ ಕೆಂಪು ಕಲೆ, ಇದು ಕಂಡ್ರೆ ಹಕ್ಕಿ ಜ್ವರ ಇರ್ಬಹುದು, ಕೊಯ್ದು ನೋಡ್ಬೇಡಿ, ಉಳಿದದ್ದನ್ನ ರಾತ್ರೋರಾತ್ರಿ ಮಾರ್ಬೇಡಿ, ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನ್ ಮಾಡಿ. ಹಕ್ಕಿ ಜ್ವರ ನಮ್ಮಲ್ಲಿ ಹೊಸದೇನಲ್ಲ, 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರದಲ್ಲೇ ಬಂದಿತ್ತು, 2020ರಲ್ಲಿ ಮೈಸೂರಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಲಿ ಬಂತು. ಸ್ಯಾಂಪಲ್ ಭೋಪಾಲ್ ಲ್ಯಾಬಿಗೆ ಹೋಗಿ ಖಾತ್ರಿ ಆದ್ರೆ ಒಂದು ಕಿಲೋಮೀಟರ್ ಸುತ್ತ ಇರೋ ಕೋಳಿ ಎಲ್ಲಾ ತೆಗೀತಾರೆ, 10 ಕಿಲೋಮೀಟರ್ ತನಕ ನಿಗಾ. ಸರ್ಕಾರ ಪರಿಹಾರ ಕೊಡೋದು ಅವರು ಕೊಂದ ಕೋಳಿಗೆ ಮಾತ್ರ, ತಾನಾಗೇ ಸತ್ತಿದ್ದಕ್ಕೆ ಇಲ್ಲ. ಅಂದ್ರೆ ಎಷ್ಟು ಬೇಗ ಹೇಳ್ತೀರೋ ಅಷ್ಟು ಜಾಸ್ತಿ ಕೋಳಿಗೆ ದುಡ್ಡು ಸಿಗತ್ತೆ, ಮುಚ್ಚಿಟ್ಟಷ್ಟೂ ಲಾಸ್. 2009ರ ಕಾಯ್ದೆ ಪ್ರಕಾರ ಇಂಥ ರೋಗ ತಿಳಿಸೋದು ಮಾಲೀಕರ ಕರ್ತವ್ಯ ಕೂಡ.

ಈಗ ಹಂದಿ

ಕೊಡಗಲ್ಲಿ ಕೈಲ್ ಪೊಳ್ದ್, ಪುತ್ತರಿ, ಮಂಗಳೂರು ಕಡೆ ಕ್ರಿಸ್‌ಮಸ್, ಬೇಡಿಕೆಗೇನೂ ಕಮ್ಮಿ ಇಲ್ಲ. ಭಯ ಇರೋದು ಆಫ್ರಿಕನ್ ಹಂದಿ ಜ್ವರದ್ದು. ದೇಶಕ್ಕೆ ಬಂದಿದ್ದು 2020ರಲ್ಲಿ, ಅಸ್ಸಾಂ ಅರುಣಾಚಲದಲ್ಲಿ ಮೊದಲು, 2022ರಲ್ಲಿ ಕೊಡಗಿನ ಪಕ್ಕದ ವಯನಾಡಲ್ಲಿ ಕಾಣಿಸ್ಕೊಂಡಿತು. ಮನುಷ್ಯರಿಗೆ ಬರಲ್ಲ, ಆದ್ರೆ ಹಂದಿಗೆ ಬಂದ್ರೆ ಹೆಚ್ಚುಕಮ್ಮಿ ಎಲ್ಲಾ ಸಾಯತ್ತೆ, ಹಾಕ್ಸೋಕೆ ಲಸಿಕೆ ನಮ್ಮ ದೇಶದಲ್ಲಿಲ್ಲ, ಔಷಧಿನೂ ಇಲ್ಲ. ಜ್ವರ 105 ಡಿಗ್ರಿ ಫ್ಯಾರನ್‌ಹೀಟ್ ದಾಟತ್ತೆ, ಮೇವು ಬಿಡತ್ತೆ, ಕಿವಿ ಹೊಟ್ಟೆ ತೊಡೆ ಚರ್ಮ ಕೆಂಪಗೆ ಆಮೇಲೆ ನೀಲಿ, ಒಂದು ವಾರ ಹತ್ತು ದಿನದಲ್ಲಿ ಮುಗೀತು. ಹಳೇ ಹಂದಿ ಜ್ವರನೂ ನೋಡೋಕೆ ಹೀಗೇ ಇರತ್ತೆ, ಲ್ಯಾಬಲ್ಲೇ ಗೊತ್ತಾಗೋದು. ಆ ಹಳೇ ಜ್ವರಕ್ಕೆ ಲಸಿಕೆ ಇದೆ, ಮರಿಗೆ ಎರಡು ತಿಂಗಳ ಹೊತ್ತಿಗೆ ಹಾಕ್ಸಿ ಆಮೇಲೆ ವರ್ಷಾ ವರ್ಷಾ ಹಾಕ್ಸಿ. ಅದನ್ನ ಹಾಕ್ಸಿದ್ದೀನಿ ಆಫ್ರಿಕನ್ ಬರಲ್ಲ ಅಂತ ಅಂದ್ಕೊಳ್ಳೋರಿದಾರೆ, ಎರಡೂ ಬೇರೆ ಬೇರೆ ವೈರಸ್, ಒಂದರ ಲಸಿಕೆ ಇನ್ನೊಂದಕ್ಕೆ ನಡೆಯಲ್ಲ.

ಆಫ್ರಿಕನ್ ಹಂದಿ ಜ್ವರ ಮುಖ್ಯವಾಗಿ ಬರೋ ದಾರಿ ಮುಸುರೆ. ಹೋಟೆಲು ಕಲ್ಯಾಣ ಮಂಟಪದ ಎಂಜಲು ಪುಕ್ಕಟೆ ಸಿಗತ್ತೆ, ಫೀಡ್ ಖರ್ಚು ಉಳಿಯತ್ತೆ, ಸಣ್ಣ ಫಾರಂ ನಿಂತಿರೋದೇ ಅದರ ಮೇಲೆ, ನಿಲ್ಲಿಸಿ ಅಂತ ಸುಲಭವಾಗಿ ಹೇಳೋಕೆ ನಂಗೆ ಮನಸ್ಸು ಬರಲ್ಲ. ಆದ್ರೆ ಅದರಲ್ಲಿ ಹಂದಿ ಮಾಂಸದ ಚೂರಿದ್ರೆ, ಫ್ರಿಜ್ಜಲ್ಲಿಟ್ಟ ಮಾಂಸದಲ್ಲಿ ಈ ವೈರಸ್ ತಿಂಗಳುಗಟ್ಟಲೆ ಬದುಕಿರತ್ತೆ. ಹಾಗಾಗಿ ತಂದ ಮೇಲೆ ಪ್ಲಾಸ್ಟಿಕ್, ಟೂತ್‌ಪಿಕ್, ಗಾಜು ಆರಿಸಿ, ದೊಡ್ಡ ಡ್ರಮ್ಮಲ್ಲಿ ಕುದಿ ಬಂದ ಮೇಲೆ ಒಂದು ಗಂಟೆ, ತಳ ಸಮೇತ ತಿರುವ್ತಾ ಕುದಿಸಿ. ಮೇಲೆ ಹೊಗೆ ಬಂತು ಅಂತ ಇಳಿಸಿದ್ರೆ ಮಧ್ಯದ ಅನ್ನದ ಉಂಡೆ ತಣ್ಣಗೇ ಇರತ್ತೆ. ಹಸಿ ಮುಸುರೆ ತರೋ ಡ್ರಮ್ಮು ಬೇರೆ, ಬೆಂದದ್ದು ಹಾಕೋ ಬಕೆಟ್ಟು ಬೇರೆ, ಬಣ್ಣ ಬೇರೆ ಮಾಡಿ ಇಡಿ, ಕೆಲಸದೋರಿಗೂ ಗೊಂದಲ ಆಗಲ್ಲ. ಹಂದಿ ಮಾಂಸ ಬಡಿಸೋ ಹೋಟೆಲಿನ ಮುಸುರೆ ತರಲೇಬೇಡಿ. ಇನ್ನೊಂದು, ಉಪ್ಪಿನಕಾಯಿ ಸಾಂಬಾರು ಜಾಸ್ತಿ ಇರೋ ಮುಸುರೆ ಹಾಕಿ ನೀರು ಕಮ್ಮಿ ಆದ್ರೆ ಹಂದಿ ಫಿಟ್ಸ್ ಬಂದ ಹಾಗೆ ಒದ್ದಾಡಿ ಸಾಯತ್ತೆ, ಉಪ್ಪಿನ ವಿಷ ಅದು, ಕುಡಿಯೋ ನೀರು ಯಾವಾಗ್ಲೂ ಇರ್ಲಿ.

ಇನ್ನೊಂದು ದಾರಿ ವ್ಯಾಪಾರಿ ಗಾಡಿ. ಹಂದಿ ಕೊಳ್ಳೋಕೆ ಬಂದೋರನ್ನ ಗೂಡಿನ ಒಳಗೆ ಬಿಡ್ಬೇಡಿ, ಮಾರೋ ಹಂದಿನ ಗೇಟ್ ಹತ್ರ ಒಂದು ಚಿಕ್ಕ ಕಟ್ಟೆ ಕಟ್ಟಿ ಅಲ್ಲಿಂದ ಲೋಡ್ ಮಾಡಿ, ಒಮ್ಮೆ ಹತ್ತಿಸಿದ್ದು ವ್ಯಾಪಾರ ಕುದುರಲಿಲ್ಲ ಅಂತ ವಾಪಸ್ ಒಳಗೆ ಬರೋದು ಬೇಡ. ಗಂಡು ಹಂದಿನ ಊರೂರಿಗೆ ಬಾಡಿಗೆಗೆ ಕಳಿಸೋದು ನಿಲ್ಲಿಸಿ. ಹೊಸದಾಗಿ ತಂದ ಹಂದಿ 30 ದಿನ ದೂರ ಬೇರೆ ಗೂಡಲ್ಲಿ, ಅದನ್ನ ನೋಡ್ಕೊಳ್ಳೋರು ಕೊನೇಲಿ ಅಲ್ಲಿಗೆ ಹೋಗ್ಬೇಕು, ಮೊದಲು ಅಲ್ಲ. ಸುತ್ತ ಬೇಲಿ ಗಟ್ಟಿ ಇರ್ಲಿ, ಕಾಡು ಹಂದಿ ಬರೋ ಜಾಗದಲ್ಲಿ ಎರಡು ಸುತ್ತು. ನೆಲಕ್ಕೆ ಸೆಗಣಿ ತೊಳೆದ ಮೇಲೆ 2 ಪರ್ಸೆಂಟ್ ಕಾಸ್ಟಿಕ್ ಸೋಡಾ ನೀರು, ಕೈಗೆ ಗ್ಲೌಸ್ ಕಣ್ಣಿಗೆ ಕನ್ನಡಕ ಹಾಕ್ಕೊಂಡೇ ಮಾಡಿ, ಚರ್ಮ ಸುಡತ್ತೆ.

ಹಂದಿಲಿ ಲಾಭ ಮರಿ ಉಳಿಸೋದ್ರಲ್ಲಿದೆ. ಗಬ್ಬ 114 ದಿನ, ಮೂರು ತಿಂಗಳು ಮೂರು ವಾರ ಮೂರು ದಿನ ಅಂತ ನೆನಪಿಟ್ಕೊಳ್ಳಿ, ದಿನ ಬರೆದಿಟ್ಟಿದ್ರೆ ಮರಿ ಹಾಕೋ ರಾತ್ರಿ ಹತ್ರ ಇರ್ಬಹುದು. ಸಾಯೋ ಮರಿಗಳಲ್ಲಿ ಬಹಳಷ್ಟು ಮೊದಲ ಮೂರು ದಿನದಲ್ಲೇ ಸಾಯತ್ತೆ, ತಾಯಿ ಮಲಗೋವಾಗ ಮೈ ಕೆಳಗೆ ಸಿಕ್ಕಿ ಅಥವಾ ಚಳಿಗೆ. ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಒಂದು ಗೇಣು ಎತ್ತರಕ್ಕೆ ಜಿಐ ಪೈಪ್ ಸುತ್ತ ಹಾಕಿದ್ರೆ ಮರಿಗೆ ನುಸುಳೋಕೆ ಜಾಗ ಸಿಗತ್ತೆ. ಒಂದು ಮೂಲೇಲಿ ಬಲ್ಬ್ ಹಾಕಿ ಹುಲ್ಲು ಹಾಸಿ, ಮರಿಗೆ ಮೊದಲ ವಾರ 32 ಡಿಗ್ರಿ ಮೇಲೆ ಬೇಕು, ಅದೇ ಬಿಸಿ ತಾಯಿಗೆ ಆಗಲ್ಲ ಅದಕ್ಕೆ ಮೂಲೆಲಿ ಮಾತ್ರ. ಹುಟ್ಟಿದ ಕೂಡ್ಲೆ ಗಿಣ್ಣು ಹಾಲು ಕುಡಿಸಿ, ಹೊಕ್ಕುಳಿಗೆ ಅಯೋಡಿನ್, ಮೂರನೇ ದಿನ ಕಬ್ಬಿಣದ ಇಂಜೆಕ್ಷನ್. ಕಾಂಕ್ರೀಟ್ ನೆಲದಲ್ಲಿ ಬೆಳೆಯೋ ಮರಿಗೆ ಮಣ್ಣು ಸಿಗಲ್ಲ, ತಾಯಿ ಹಾಲಲ್ಲಿ ಕಬ್ಬಿಣ ಕಮ್ಮಿ, ಇಂಜೆಕ್ಷನ್ ತಪ್ಪಿದ್ರೆ ಬಿಳುಚ್ಕೊಂಡು ಸೊರಗತ್ತೆ.

ಬೆದೆ ನೋಡೋಕೆ ಬೆಳಗ್ಗೆ ಸಂಜೆ ತಾಯಿ ಹಂದಿ ಬೆನ್ನು ಎರಡು ಕೈಲಿ ಒತ್ತಿ, ಅಲ್ಲಾಡದೆ ಕಿವಿ ನೆಟ್ಟಗೆ ಮಾಡಿ ನಿಂತ್ರೆ ಬೆದೆಗೆ ಬಂದಿದೆ, 12 ಗಂಟೆ ಬಿಟ್ಟು ಒಂದು ಸಲ, ಮತ್ತೆ 12 ಗಂಟೆಗೆ ಇನ್ನೊಂದು ಸಲ ಗಂಡಿಗೆ ಕೊಡಿಸಿ. ಒಂದು ಬೆದೆ ತಪ್ಪಿದ್ರೆ 21 ದಿನ ಕಾಯ್ಬೇಕು, ದಿನಕ್ಕೆ ಎರಡು ಕೆಜಿ ಅಂದ್ರೂ 42 ಕೆಜಿ ಫೀಡ್ ಸುಮ್ನೆ ಹೋಯ್ತು. ಜಂತುಹುಳ, ಕಜ್ಜಿಗೆ ಮರಿ ಹಾಕೋ ಮುಂಚೆ ತಾಯಿಗೆ ಔಷಧಿ ಮುಗಿಸಿ, ಅವೆರಡೂ ಸಾಮಾನ್ಯವಾಗಿ ಹಂದಿನ ಸಾಯ್ಸಲ್ಲ ಆದ್ರೆ ತೂಕ ಬರೋಕೆ ಬಿಡಲ್ಲ.

ದುಡ್ಡಿನ ಮಾತು

ಖರ್ಚಲ್ಲಿ 65 ರಿಂದ 75 ಪರ್ಸೆಂಟ್ ಫೀಡೇ. ದಾವಣಗೆರೆ ಹಾವೇರಿ ಕಡೆಯಿಂದ ಮೆಕ್ಕೆಜೋಳ ತಂದು ತಾವೇ ಅರೆಸೋರು ಸುಗ್ಗಿ ಟೈಮಲ್ಲಿ ಕಮ್ಮಿ ರೇಟ್ ಅಂತ ಹಸಿ ಜೋಳ ತುಂಬ್ಕೋಬೇಡಿ, ತೇವಾಂಶ 12 ಪರ್ಸೆಂಟ್ ಹತ್ರ ಇರ್ಬೇಕು, ಬೂಷ್ಟು ಹಿಡಿದ ಜೋಳದ ಅಫ್ಲಾಟಾಕ್ಸಿನ್ ಅನ್ನೋ ವಿಷ ಲಿವರ್ ಹಾಳು ಮಾಡಿ ಹಾಕಿದ ಲಸಿಕೆನೂ ಹಿಡಿಯದ ಹಾಗೆ ಮಾಡತ್ತೆ. ಚೀಲಗಳನ್ನ ಹಲಗೆ ಮೇಲಿಡಿ, ಗೋಡೆಗೆ ತಾಗಿಸ್ಬೇಡಿ. ಎಥೆನಾಲ್‌ಗೆ ಜೋಳ ಹೋಗೋಕೆ ಶುರುವಾದ ಮೇಲೆ ರೇಟ್ ಮೊದಲಿನ ಹಾಗೆ ಇಳಿಯೋದನ್ನ ನಂಬ್ಕೊಂಡು ಕೂರೋಕೆ ಆಗಲ್ಲ.

ಸ್ವಂತವಾಗಿ ಬ್ರಾಯ್ಲರ್ ಮಾಡೋರು ಪಂಚಾಂಗ ನೋಡಿ ಮರಿ ಬಿಡಿ. ಶ್ರಾವಣದಲ್ಲಿ, ಕಾರ್ತಿಕದಲ್ಲಿ, ಅಯ್ಯಪ್ಪ ಮಾಲೆ ಟೈಮಲ್ಲಿ ರೇಟ್ ಬೀಳತ್ತೆ, ಹೊಸತೊಡಕಿಗೆ, ಮಹಾಲಯ ಅಮಾವಾಸ್ಯೆಗೆ, ಹೊಸ ವರ್ಷಕ್ಕೆ ಏರತ್ತೆ. ಹೊಸತೊಡಕಿಗೆ 40 ದಿನದ ಕೋಳಿ ಬೇಕು ಅಂದ್ರೆ ಶಿವರಾತ್ರಿಗೆ ಒಂದು ವಾರ ಹತ್ತು ದಿನ ಮುಂಚೆನೇ ಮರಿ ಶೆಡ್ಡಲ್ಲಿರ್ಬೇಕು. ಆದ್ರೆ ಎಲ್ಲರೂ ಇದೇ ಲೆಕ್ಕ ಹಾಕೋದ್ರಿಂದ ಮರಿ ರೇಟೂ ಆಗ ಜಾಸ್ತಿ, ಅದನ್ನೂ ಸೇರಿಸಿ ನೋಡಿ.

ಕಂಪನಿ ಜೊತೆ ಕಾಂಟ್ರಾಕ್ಟ್ ಮಾಡೋರಿಗೆ, ಅಂದ್ರೆ ಕಂಪನಿ ಮರಿ, ಫೀಡ್ ತಗೊಂಡು ಕೂಲಿಗೆ ಸಾಕಿ ಕೊಡೋರಿಗೆ, ಮಾರ್ಕೆಟ್ ರೇಟಿನ ತಲೆನೋವು ಕಮ್ಮಿ, ಬೇರೆ ತಲೆನೋವು ಇದೆ. ಸಹಿ ಹಾಕೋ ಮುಂಚೆ ಅಗ್ರಿಮೆಂಟ್ ಪೂರ್ತಿ ಓದಿಸ್ಕೊಳ್ಳಿ, ಕನ್ನಡದಲ್ಲಿ ಕೊಡಿ ಅಂತ ಕೇಳಿ. ಕೆಜಿಗೆ ಕೊಡೋ ಗ್ರೋಯಿಂಗ್ ಚಾರ್ಜ್ (ಸಾಕಿದ ಕೂಲಿ) ಯಾವ ಎಫ್‌ಸಿಆರ್‌ಗೆ ಎಷ್ಟು, ಸಾವು ಎಷ್ಟು ಪರ್ಸೆಂಟ್ ದಾಟಿದ್ರೆ ಹಿಡ್ಕೋತಾರೆ, ಅವರು ಲಿಫ್ಟಿಂಗ್ ಲೇಟ್ ಮಾಡಿದ್ರೆ ಆ ದಿನಗಳ ಫೀಡ್ ಯಾರ ತಲೆ ಮೇಲೆ, ಮರಿನೇ ಕೆಟ್ಟದ್ದು ಬಂದ್ರೆ ಏನು, ಇಷ್ಟು ಬರವಣಿಗೆಲಿ ಇರ್ಬೇಕು. ಮರಿ ಬಂದ ದಿನ ಪೆಟ್ಟಿಗೆ ಸಮೇತ ತೂಗಿ ಫೋಟೋ ತೆಗೀರಿ, ಮೊದಲ ಮೂರು ದಿನದ ಸಾವಿನ ಫೋಟೋ ತಾರೀಖು ಸಮೇತ ಸೂಪರ್‌ವೈಸರ್‌ಗೆ ಕಳಿಸಿ. ಫೀಡ್ ಚೀಲ ಲೋಡಿಗೆ ನಾಲ್ಕೈದು ತೂಗಿ ನೋಡಿ. ಸೆಕ್ಯೂರಿಟಿಗೆ ಅಂತ ಖಾಲಿ ಚೆಕ್ ಕೇಳಿದ್ರೆ ಚೆಕ್ ನಂಬರ್, ಯಾವ ಕಾರಣಕ್ಕೆ ಕೊಟ್ಟಿದ್ದು ಅಂತ ಅವರ ಸಹಿ ಇರೋ ರಸೀದಿ ಇಲ್ಲದೆ ಕೊಡ್ಬೇಡಿ, ಬ್ಯಾಂಕ್ ಸಾಲದಲ್ಲಿ ಶೆಡ್ ಕಟ್ಟಿ ಬೇರೆ ದಾರಿ ಇಲ್ಲದೆ ಇರೋರ ಹತ್ರಾನೇ ಇದನ್ನ ಕೇಳೋದು, ಅದು ನಂಗೆ ಬಹಳ ಬೇಜಾರಿನ ವಿಷಯ.

ಹೊಸದಾಗಿ ಶುರು ಮಾಡೋರಿಗೆ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 50 ಪರ್ಸೆಂಟ್ ಸಬ್ಸಿಡಿ ಇದೆ, ನಾಟಿ ಥರದ ತಳಿಗಳ ಪೇರೆಂಟ್ ಫಾರಂ (ಮರಿಗೆ ಮೊಟ್ಟೆ ಕೊಡೋ ಕೋಳಿ ಸಾಕೋದು), ಹ್ಯಾಚರಿಗೆ 25 ಲಕ್ಷದ ತನಕ, ಹಂದಿಗೆ 100 ಹೆಣ್ಣು 10 ಗಂಡಿನ ಘಟಕಕ್ಕೆ 30 ಲಕ್ಷದ ತನಕ, ಅರ್ಧ ಗಾತ್ರದ್ದಕ್ಕೆ 15 ಲಕ್ಷ. ಮಾಮೂಲಿ ಬ್ರಾಯ್ಲರ್ ಶೆಡ್ಡಿಗೆ ಇದು ಬರಲ್ಲ, ಬರತ್ತೆ ಅಂತ ಹೇಳಿ ಅರ್ಜಿ ಬರೆಯೋಕೆ ದುಡ್ಡು ಕೇಳೋ ಏಜೆಂಟ್‌ಗಳಿಂದ ದೂರ ಇರಿ. ಬಾಕಿ ಖರ್ಚಿಗೆ, ಫೀಡಿಗೆ ಔಷಧಿಗೆ, ಕಿಸಾನ್ ಕ್ರೆಡಿಟ್ ಕಾರ್ಡ್ ಈಗ ಪಶುಸಂಗೋಪನೆಗೂ ಸಿಗತ್ತೆ, ಬಡ್ಡಿಗೆ ಕೈಸಾಲ ತರೋಕೆ ಮುಂಚೆ ನಿಮ್ಮ ಬ್ಯಾಂಕಲ್ಲಿ ಕೇಳಿ. ಆ ಬ್ಯಾಂಕಿನೋರು, ಇನ್ಶೂರೆನ್ಸ್‌ನೋರು, ಕಂಪನಿಯೋರು, ಪರಿಹಾರದ ಲೆಕ್ಕಕ್ಕೆ ಬರೋ ಪಶು ವೈದ್ಯರು ಎಲ್ಲರೂ ಕೇಳೋದು ಎಷ್ಟಿತ್ತು, ಎಷ್ಟು ತಿಂತು, ಯಾವತ್ತು ಸತ್ತಿತು ಅಂತಾನೇ, ಆವಾಗ ಶೆಡ್ಡಲ್ಲಿ ನೇತು ಹಾಕಿದ ಪುಸ್ತಕದ ಪುಟ ಫೋಟೋ ತೆಗೆದು ಕೊಡಿ, ಮೂಲ ಪುಸ್ತಕ ಮಾತ್ರ ಯಾರ ಕೈಗೂ ಕೊಟ್ಟು ಕಳಿಸ್ಬೇಡಿ.